ಹಳೆಯ ಫೋಟೋಗಳ ಹಿಂಬದಿಯಲ್ಲಿ ನಮ್ಮೂರು



ರೇಡಿಯೋದಲ್ಲಿ ಹಳೆಯ ಫೋಟೋಗಳ ಬಗ್ಗೆ ಮಾತಾಡಲಿಕ್ಕಿದೆ ಎಂದು ನಾನು ಹೇಳಿದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಕಣ್ಣಿಗೆ ಕಾಣದ ಫೋಟೋವನ್ನು ಕಿವಿಯಲ್ಲಿ ನೋಡುವುದು ಹೇಗೆ ಎಂದು ನನ್ನ ಹೆಂಡತಿ ಕೇಳಿದಳು. ಫೋಟೋದ ಮುಂಭಾಗವನ್ನು ನಿಮಗೆ ತೋರಿಸಲು ನನ್ನಿಂದಾಗದು, ನಿಜ. ಆದರೆ ನಾನು ಹೇಳಹೊರಟಿರುವುದು ಹೆಚ್ಚಾಗಿ ಹಿಂಭಾಗದ ವಿಷಯ. ಅದನ್ನು ಓದಿ ಹೇಳಿದರೆ ಸಾಕು.

ನಾನು ಇತಿಹಾಸ ಓದಿದವನಲ್ಲ. 1975ರಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಬ್ಯಾಂಕಿನಲ್ಲಿ 38 ವರ್ಷ ಗುಮಾಸ್ತನಾಗಿದ್ದು, 2019ರಲ್ಲಿ ನಿವೃತ್ತನಾದವನು. ನಮ್ಮೂರು ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರಕ್ಕೂ ಕುಂಬಳೆಗೂ ನಡುವೆ ಇದೆ. ಊರಿನ ಹೆಸರನ್ನು ಬೇಕೆಂದೇ ಹೇಳುವುದಿಲ್ಲ. ಇಲ್ಲಿ ಬರುವ ಮನೆಯವರಿಗೆ ಮುಜುಗರವಾಗಬಾರದು. ನಮ್ಮ ಕಡೆಯವರಿಗೆ ಹೇಗೂ ಗೊತ್ತಾಗುತ್ತದೆ.

ನಾನು ಹುಟ್ಟಿದ್ದು 1959ರಲ್ಲಿ, ಅಂದರೆ ನಮ್ಮೂರು ಕೇರಳಕ್ಕೆ ಸೇರಿ ಮೂರು ವರ್ಷವಾದ ಮೇಲೆ. ನನ್ನ ತಂದೆ ಹುಟ್ಟಿದ್ದು ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ. ಆದರೆ ಅವರದು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ. ನಮ್ಮಲ್ಲಿ ಮನೆಯೊಳಗಿನ ಮಾತು ಒಂದೊಂದು ಮನೆಗೆ ಒಂದೊಂದು: ತುಳು, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವಿಗನ್ನಡ. ಆದರೆ ಹಿಂದೆ ಶಾಲೆಯ ಪಾಠ, ಶ್ಯಾನುಭೋಗರ ಲೆಕ್ಕ, ಜಾಗದ ದಸ್ತಾವೇಜು, ಮದುವೆಯ ಕರೆಯೋಲೆ ಎಲ್ಲವೂ ಕನ್ನಡದಲ್ಲೇ ಇದ್ದವು. ಫೋಟೋದ ಹಿಂದೆ ಹೆಸರು ಬರೆಯುವುದಿದ್ದರೂ ಕನ್ನಡದಲ್ಲೇ ಬರೆಯುತ್ತಿದ್ದರು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ನಾನು ನಿವೃತ್ತನಾದ ವರ್ಷ, ಮಳೆಗಾಲಕ್ಕೆ ಮುಂಚೆ, ನಮ್ಮ ಮನೆಯಿಂದ ಎರಡು ಗದ್ದೆ ಆಚೆಗಿನ ಒಂದು ಹಳೆಯ ದೊಡ್ಡ ಮನೆಯನ್ನು ಕೆಡವುತ್ತಿದ್ದರು. ಮಣ್ಣಿನ ದಪ್ಪ ಗೋಡೆ, ಕೆತ್ತನೆಯ ಕಂಬ, ದೊಡ್ಡ ಚಾವಡಿ ಇದ್ದ ಮನೆ. ಆ ಜಾಗದಲ್ಲಿ ತಾರಸಿ ಮನೆ ಕಟ್ಟುವುದೆಂದು ನಿಶ್ಚಯವಾಗಿತ್ತು. ಗುಜರಿಯವನು ಬಂದು ಚಾವಡಿಯ ಗೋಡೆಯಲ್ಲಿದ್ದ ಫೋಟೋಗಳನ್ನು ಇಳಿಸಿದ. ಸಾಗುವಾನಿಯ ಚೌಕಟ್ಟು ಒಂದು ಕಡೆ, ಗಾಜು ಇನ್ನೊಂದು ಕಡೆ ಮಾಡಿ ತೂಗಿದ. ಒಳಗಿದ್ದ ಫೋಟೋಗಳು ಅವನಿಗೆ ಬೇಡ. ಅವು ತೆಂಗಿನ ಬುಡದ ಗುಂಡಿಯಲ್ಲಿ ಒಣ ಸೋಗೆಯ ಮೇಲೆ ಬಿದ್ದಿದ್ದವು. ಸಂಜೆಗೆ ಬೆಂಕಿ ಕೊಡುವುದಿತ್ತು.

ನಾನು ಆ ದಾರಿಯಲ್ಲಿ ಹಾಲಿಗೆ ಹೋಗುತ್ತಿದ್ದೆ. ಮನೆಯ ಹುಡುಗ ಅಲ್ಲೇ ನಿಂತಿದ್ದ. ಒಳ್ಳೆಯ ಹುಡುಗ, ಎಂಜಿನಿಯರಿಂಗ್ ಓದಿದವನು.

"ಮಾವ, ಬೇಕಾದರೆ ತೆಕ್ಕೊಳ್ಳಿ. ಯಾರದ್ದು ಅಂತ ನಮಗೆ ಯಾರಿಗೂ ಗೊತ್ತಿಲ್ಲ" ಎಂದ.

ನಾನು ಒಂದನ್ನೆತ್ತಿ ತಿರುಗಿಸಿದೆ. ದಪ್ಪ ರಟ್ಟಿನ ಹಿಂದೆ ಶಾಯಿಯಲ್ಲಿ, ಸಾಲಾಗಿ, ನಂಬರು ಹಾಕಿ ಹೆಸರುಗಳಿದ್ದವು.

"ಇಲ್ಲಿ ಬರೆದಿದೆಯಲ್ಲ ಮಗೂ."

"ಅದು ಕನ್ನಡ. ನನಗೆ ಓದಲಿಕ್ಕೆ ಬರುವುದಿಲ್ಲ ಮಾವ."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಎರ್ನಾಕುಳದಲ್ಲಿರುವ ನನ್ನ ಮಗಳ ಮಗನಿಗೂ ಓದಲು ಬರುವುದಿಲ್ಲ. ಅವನ ಮುಂದೆ ಆ ಫೋಟೋ ಹಿಡಿದಿದ್ದರೆ ಅವನೂ ಇದೇ ಉತ್ತರ ಕೊಡುತ್ತಿದ್ದ. ಮುಖವನ್ನು ಯಾವ ಭಾಷೆಯವರೂ ನೋಡಬಹುದು. ಆದರೆ ಹೆಸರು ಓದಲು ಬಾರದಿದ್ದರೆ ಆ ಮುಖ ಯಾರದ್ದೋ ಆಗಿಬಿಡುತ್ತದೆ, ಗುಂಡಿಗೆ ಹೋಗುತ್ತದೆ. ಅಂದು ನಾನು ಹಾಲಿನ ಚೀಲದಲ್ಲಿ 23 ಫೋಟೋಗಳನ್ನು ತುಂಬಿಕೊಂಡು ಮನೆಗೆ ಬಂದೆ.

ಮೊದಲು ಕೈಗೆತ್ತಿದ ಆ ಫೋಟೋದ ವಿಷಯ ಹೇಳುತ್ತೇನೆ. ಅದೊಂದು ಶಾಲೆಯ ಗುಂಪಿನ ಚಿತ್ರ. ಮುಂದೆ ನೆಲದಲ್ಲಿ ಕೂತ ಮಕ್ಕಳ ಕಾಲಬುಡದಲ್ಲಿ ಒಂದು ಸ್ಲೇಟು, ಅದರಲ್ಲಿ ಬಳಪದಿಂದ ಶಾಲೆಯ ಹೆಸರು ಮತ್ತು "1938–39" ಎಂದು ಬರೆದಿದೆ. ನಡುವಿನ ಸಾಲಿನಲ್ಲಿ ಕುರ್ಚಿಯ ಮೇಲೆ ನಾಲ್ವರು ಮಾಸ್ಟ್ರುಗಳು: ಕಚ್ಚೆ ಪಂಚೆ, ಕಪ್ಪು ಕೋಟು, ತಲೆಗೆ ಮುಂಡಾಸು. ಕಾಲಿಗೆ ಮಾತ್ರ ಚಪ್ಪಲಿ ಇಲ್ಲ. ಮಕ್ಕಳು 37. ಅವರಲ್ಲಿ ಹೆಣ್ಣುಮಕ್ಕಳು ನಾಲ್ಕೇ ನಾಲ್ಕು, ಒಂದು ಮೂಲೆಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದಾರೆ. ಗಂಡುಮಕ್ಕಳಲ್ಲಿ ಅರ್ಧ ಜನರಿಗೆ ಜುಟ್ಟು, ಕೆಲವರಿಗೆ ಅಂಗಿಯೇ ಇಲ್ಲ. ಒಬ್ಬಿಬ್ಬರ ಮುಖ ಮಸುಕಾಗಿದೆ. ಕ್ಯಾಮರಾ ಮುಚ್ಚಳ ತೆಗೆದು ಹಾಕುವಷ್ಟರಲ್ಲಿ ಅಲ್ಲಾಡಿದವರು ಅವರು.

ಹಿಂದೆ ಶಾಲೆಯ ಮಾಡು ಕಾಣುತ್ತದೆ. ಮುಳಿಹುಲ್ಲಿನ ಮಾಡು. ಹಳೆಯ ಫೋಟೋದಲ್ಲಿ ಮೊದಲು ಮಾಡನ್ನು ನೋಡಬೇಕು ಎಂದು ನಾನು ಆಮೇಲೆ ಕಲಿತೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮಂಗಳೂರು ಹಂಚು ಕಡಲು ದಾಟಿ ದೂರದ ದೇಶಗಳಿಗೆ ಹೋಯಿತು. 1907ರಲ್ಲಿ ರೈಲು ಕುಂಬಳೆಯ ಮೇಲಿಂದ ಹಾದು ಮಂಗಳೂರಿಗೆ ಮುಟ್ಟಿತು. ಆದರೂ ಸ್ಟೇಷನ್ನಿನಿಂದ ಕಾಲ್ನಡಿಗೆಯ ದೂರದಲ್ಲಿದ್ದ ನಮ್ಮ ಶಾಲೆಯ ಮಾಡಿಗೆ 1938ರಲ್ಲೂ ಹಂಚು ಬಂದಿರಲಿಲ್ಲ. ಸ್ಟೇಷನ್ನಿಗೆ ಹಂಚು ಮೊದಲು, ಗುತ್ತಿನ ಮನೆಗೆ ಆಮೇಲೆ, ಶಾಲೆಗೆ ಅದರ ನಂತರ, ಒಕ್ಕಲಿನ ಮನೆಗೆ ಎಲ್ಲಕ್ಕಿಂತ ಕೊನೆಗೆ ಬಂತು. ಈ ಕ್ರಮವನ್ನು ನನಗೆ ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ, ಆ 23 ಫೋಟೋಗಳೇ ಹೇಳಿಕೊಟ್ಟವು.

ರಟ್ಟನ್ನು ತಿರುಗಿಸಿ ಒಂದೊಂದೇ ಹೆಸರು ಓದುತ್ತಾ ಹೋದೆ. 17ನೇ ನಂಬರಿಗೆ ಬಂದಾಗ ಕೈ ನಿಂತಿತು. ಅದು ನನ್ನ ತಂದೆಯ ಹೆಸರು. ನಮ್ಮ ಮನೆಯಲ್ಲಿ ತಂದೆಯವರ ಚಿಕ್ಕಂದಿನ ಫೋಟೋ ಒಂದೂ ಇಲ್ಲ. ಶಾಲೆಯ ಗುಂಪಿನ ಚಿತ್ರದ ಪ್ರತಿ ಬೇಕಾದರೆ ದುಡ್ಡು ಕೊಡಬೇಕಿತ್ತು, ನಮ್ಮ ಅಜ್ಜ ಕೊಟ್ಟಿರಲಿಲ್ಲ. ತಂದೆ ತೀರಿಹೋಗಿ ವರ್ಷಗಳಾದ ಮೇಲೆ, 60 ವರ್ಷದ ನಾನು, 11 ವರ್ಷದ ಅವರ ಮುಖವನ್ನು ಮೊದಲ ಸಲ ನೋಡಿದೆ. ಸೋಗೆಗೆ ಬೆಂಕಿ ಕೊಡಲು ಎರಡು ಗಂಟೆ ಬಾಕಿ ಇತ್ತು ಎಂಬುದು ಈಗಲೂ ನೆನಪಾಗುತ್ತದೆ.

ಬ್ಯಾಂಕಿನವನ ಬುದ್ಧಿ ಎಲ್ಲಿ ಹೋಗುತ್ತದೆ? ನಾನು ಲೆಕ್ಕಕ್ಕೆ ಕೂತೆ. ಮುಂದೆ ತಲೆಗಳು 41, ಹಿಂದೆ ಓದಲು ಆಗುವ ಹೆಸರುಗಳು 39. ಎರಡು ಹೆಸರುಗಳು ತೇವ ತಗಲಿ ಕಲೆಯಾಗಿದ್ದವು. ನಾವು ಕೆಲಸಕ್ಕಿದ್ದ ಕಾಲದಲ್ಲಿ ಸಂಜೆ ಲೆಕ್ಕ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹತ್ತು ಪೈಸೆ ವ್ಯತ್ಯಾಸ ಬಂದರೂ ಹುಡುಕಬೇಕು. ಇಲ್ಲಿ ಎರಡು ಮಕ್ಕಳ ವ್ಯತ್ಯಾಸ.

ಆ ನಾಲ್ಕು ಹೆಣ್ಣುಮಕ್ಕಳಲ್ಲಿ ಒಬ್ಬರು ಇನ್ನೂ ಇದ್ದಾರೆ, ಬದಿಯಡ್ಕದ ಕಡೆ ಮಗನ ಮನೆಯಲ್ಲಿದ್ದಾರೆ ಎಂದು ಗೊತ್ತಾಯಿತು. 2020ರ ಜನವರಿಯಲ್ಲಿ ಹೋದೆ. 92 ವರ್ಷದ ಅಜ್ಜಿ, ಕಣ್ಣು ಮಂದ, ಕಿವಿ ಚುರುಕು. ಕನ್ನಡಕ ಹಾಕಿಸಿ ಫೋಟೋ ಕೈಗೆ ಕೊಟ್ಟೆ. ಅವರು ಮೊದಲು ನೋಡಿದ್ದು ಸ್ಲೇಟನ್ನು. ಅಕ್ಷರದ ಮೇಲೆ ಬೆರಳಿಟ್ಟು ಶಾಲೆಯ ಹೆಸರನ್ನು ಗಟ್ಟಿಯಾಗಿ ಓದಿದರು. ಆಮೇಲೆ ಮೂಲೆಯಲ್ಲಿದ್ದ ಹುಡುಗಿಯರ ಕಡೆಗೆ ಬೆರಳು ಸರಿಯಿತು.

"ಇದು ನಾನಾ?" ಎಂದು ಕೇಳಿದರು. ಅವರೂ ಆ ಫೋಟೋವನ್ನು ಅಲ್ಲಿಯ ತನಕ ನೋಡಿರಲಿಲ್ಲ.

ಹೆಸರು ಅಳಿಸಿಹೋದ ಇಬ್ಬರನ್ನು ತೋರಿಸಿದೆ. ಒಬ್ಬನನ್ನು ಕೂಡಲೇ ಗುರುತಿಸಿದರು. ಮಾಸ್ಟ್ರ ಮನೆಯಲ್ಲೇ ಇದ್ದು ಕಲಿಯುತ್ತಿದ್ದ ತಬ್ಬಲಿ ಹುಡುಗ. ಲೆಕ್ಕದಲ್ಲಿ ಬಹಳ ಚುರುಕು. ಆ ವರ್ಷದ ಪರೀಕ್ಷೆಗೆ ಮುಂಚೆಯೇ ಚಳಿಜ್ವರದಲ್ಲಿ ಹೋದನಂತೆ. ಅವನಿಗೆ ಮನೆಯಿಲ್ಲ, ಮಕ್ಕಳಿಲ್ಲ, ಜಾಗದ ಕಾಗದವಿಲ್ಲ. ಅವನು ಈ ಲೋಕದಲ್ಲಿದ್ದ ಎಂಬುದಕ್ಕೆ ಈ ಒಂದು ಫೋಟೋ, ಈ ಅಜ್ಜಿಯ ನೆನಪು, ಎರಡೇ ಸಾಕ್ಷಿ. ನಾನು ಅಲ್ಲೇ ಪೆನ್ಸಿಲ್ ತೆಗೆದು ಹೆಸರು ಬರೆದುಕೊಂಡೆ.

ಇನ್ನೊಬ್ಬನನ್ನು ಬಹಳ ಹೊತ್ತು ನೋಡಿದರು. "ಮುಖ ಗೊತ್ತುಂಟು, ಹೆಸರು ಬಾಯಿಗೆ ಬರುವುದಿಲ್ಲ. ಇನ್ನೊಮ್ಮೆ ಬಾ ಮಗಾ, ನೆನಪು ಮಾಡಿ ಇಡುತ್ತೇನೆ" ಎಂದರು. ಬರುತ್ತೇನೆಂದು ಹೇಳಿ ಬಂದೆ. ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಬಂತು. ಆ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಫೆಬ್ರವರಿಯಲ್ಲಿ ನನಗೆ 29 ದಿನ ಪುರುಸೊತ್ತು ಇತ್ತು. ನಾಳೆ ಹೋಗೋಣ, ನಾಡಿದ್ದು ಹೋಗೋಣ ಎಂದು ಕಳೆದೆ.

ಇನ್ನು ಉಳಿದ ಫೋಟೋಗಳ ಕಡೆಗೆ ಬರುತ್ತೇನೆ. ಕಾಸರಗೋಡು ಪೇಟೆಯ ಒಂದು ಸ್ಟುಡಿಯೋದ ರಬ್ಬರ್ ಮೊಹರು ಹಲವು ಫೋಟೋಗಳ ಹಿಂದೆ ಇದೆ. ಹೆಸರು ಅದೇ, ಅಂಗಡಿ ಅದೇ, ರಸ್ತೆಯೂ ಅದೇ. ಆದರೆ ಮೊಹರು ಮೂರು ತರದ್ದು. ಮೊದಲನೆಯದರಲ್ಲಿ "ಸೌತ್ ಕೆನರಾ" ಎಂದಿದೆ. ಎರಡನೆಯದರಲ್ಲಿ "ಕಣ್ಣಾನೂರು ಜಿಲ್ಲೆ". ಮೂರನೆಯದರಲ್ಲಿ "ಕಾಸರಗೋಡು ಜಿಲ್ಲೆ". ಅಂಗಡಿ ಇದ್ದಲ್ಲಿಂದ ಒಂದು ಗೇಣು ಕದಲದೆ ಮೂರು ಜಿಲ್ಲೆಗಳನ್ನು ಕಂಡಿತು.

ನಿಮ್ಮಲ್ಲಿ ಯಾರಾದರೂ ಮನೆಯ ಫೋಟೋಗಳಿಗೆ ವರ್ಷ ಹಚ್ಚಲು ಹೊರಟರೆ ಈ ಮೊಹರು ದೊಡ್ಡ ಸಹಾಯ. ನಮ್ಮ ಕಡೆಯ ಲೆಕ್ಕ ಹೀಗೆ: ದಕ್ಷಿಣ ಕನ್ನಡ ಎಂದಿದ್ದರೆ 1956ರ ನವೆಂಬರ್ 1ಕ್ಕೆ ಮುಂಚಿನದು. ಆ ದಿನ ಕೇರಳ ರಾಜ್ಯ ಆಯಿತು, ಕಾಸರಗೋಡು ತಾಲೂಕು ಮಲಬಾರ್ ಜಿಲ್ಲೆಗೆ ಸೇರಿತು. 1957ರ ಜನವರಿ 1ರಂದು ಮಲಬಾರ್ ಜಿಲ್ಲೆ ಒಡೆದು ಕಣ್ಣಾನೂರು ಜಿಲ್ಲೆಯಾಯಿತು. 1984ರ ಮೇ 24ರಂದು ಕಾಸರಗೋಡು ಬೇರೆ ಜಿಲ್ಲೆಯಾಯಿತು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು, ಏಕೆಂದರೆ ಪಿನ್ ಕೋಡ್ ಬಂದದ್ದೇ ಅಂದು. ಮೊಹರು ಹಳೆಯದೇ ಇಟ್ಟುಕೊಂಡು ಒತ್ತಿದವರೂ ಇರಬಹುದು, ಆದ್ದರಿಂದ ಒಂದೆರಡು ವರ್ಷ ಆಚೀಚೆ ಹಿಡಿಯಿರಿ. ಆದವಾನಿ, ರಾಯದುರ್ಗದ ಕಡೆಯವರು 1953ರ ಅಕ್ಟೋಬರ್ 1ನ್ನು ನೋಡಿ. ಅದಕ್ಕೆ ಮುಂಚಿನ ಮೊಹರಿನಲ್ಲಿ ಬಳ್ಳಾರಿ ಜಿಲ್ಲೆ ಎಂದೇ ಇರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಬೊಂಬಾಯಿ ರಾಜ್ಯ ಹೋಗಿ ಮಹಾರಾಷ್ಟ್ರ ಬಂದದ್ದು 1960ರ ಮೇ 1ರಂದು.

ಗಡಿ ಬದಲಾದದ್ದು ಮುಂಭಾಗದಲ್ಲೂ ಕಾಣುವ ಎರಡು ಫೋಟೋಗಳು ನನ್ನಲ್ಲಿವೆ. ಎರಡೂ ಒಂದೇ ಅಂಗಡಿಯವು, ಒಂದೇ ಹಲಸಿನ ಮರದ ಅಡಿಯಲ್ಲಿ ತೆಗೆದವು. ಮೊದಲನೆಯದು 1950ರ ಆಸುಪಾಸಿನದು. ಹಲಗೆಯ ಬಾಗಿಲು, ಬೆಲ್ಲದ ಮಡಕೆ, ತೂಗುವ ತಕ್ಕಡಿ. ಮೇಲೆ ಮರದ ಹಲಗೆಯಲ್ಲಿ ಕನ್ನಡದಲ್ಲಿ "ಜಿನಸು ಮತ್ತು ಜವುಳಿ ವ್ಯಾಪಾರ". ಎರಡನೆಯದು 1970ರ ದಶಕದ ಕೊನೆಯದು. ಹಲಗೆಯ ಜಾಗದಲ್ಲಿ ತಗಡಿನ ಬೋರ್ಡು ಬಂದಿದೆ. ಮೇಲೆ ಮಲೆಯಾಳ, ಕೆಳಗೆ ಕನ್ನಡ. ಮರದ ಕಾಂಡ ದಪ್ಪವಾಗಿದೆ, ಅಂಗಡಿಯವರ ಗಡ್ಡ ಬೆಳ್ಳಗಾಗಿದೆ.

ಈ ನಡುವಿನ ವರ್ಷಗಳಲ್ಲಿ ಏನೇನಾಯಿತು ಎಂಬುದು ನಿಮಗೆ ಗೊತ್ತೇ ಇದೆ. ರಾಜ್ಯ ಪುನರ್ವಿಂಗಡಣೆ, ಚಳವಳಿಗಳು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಕೊಟ್ಟ ಶಿಫಾರಸು, ಅದು ಜಾರಿಗೆ ಬಾರದೆ ಉಳಿದದ್ದು. ಅದೆಲ್ಲ ಪುಸ್ತಕಗಳಲ್ಲಿದೆ. ಪುಸ್ತಕದಲ್ಲಿಲ್ಲದ ಒಂದು ಸಂಗತಿಯನ್ನು ಹೇಳುತ್ತೇನೆ. ಮೊದಲ ಫೋಟೋದಲ್ಲಿ ಕನ್ನಡ ಬೋರ್ಡಿನ ಕೆಳಗೆ ನಿಂತ ಆ ವ್ಯಾಪಾರಿ ಮಲೆಯಾಳ ಮಾತಾಡುವ ಮಾಪಿಳ್ಳೆ. ಅವರ ಲೆಕ್ಕದ ಪುಸ್ತಕವೂ ಕನ್ನಡದಲ್ಲಿಯೇ ಇತ್ತು ಎಂದು ಅವರ ಮೊಮ್ಮಗ ನನಗೆ ತಂದು ತೋರಿಸಿದ್ದಾರೆ. ಎರಡನೆಯ ಫೋಟೋದಲ್ಲಿ ಮಲೆಯಾಳ ಮೇಲೆ ಬಂದಾಗ ಕೆಳಗಿನ ಕನ್ನಡವನ್ನು ಉಳಿಸಿದವರೂ ಅವರೇ. ಗಿರಾಕಿಗೆ ಓದಲು ಬರಬೇಕಲ್ಲ ಎಂಬುದು ಅವರ ನ್ಯಾಯ. ಆ ಅಂಗಡಿಯೂ ಇಲ್ಲ, ಹಲಸಿನ ಮರವೂ ಇಲ್ಲ. ಹೆದ್ದಾರಿಯನ್ನು ಆರು ಪಥ ಮಾಡುವಾಗ ಎರಡೂ ಹೋದವು. ಅಲ್ಲೊಂದು ಮರವಿತ್ತು ಎಂದು ಈಗ ಹೇಳಬೇಕಾದರೆ ಆ ಎರಡು ಫೋಟೋಗಳನ್ನೇ ತೋರಿಸಬೇಕು.

ಕುಂಬಳೆಯ ಸೀಮೆಯೆಂದ ಮೇಲೆ ಯಕ್ಷಗಾನದ ಫೋಟೋ ಇಲ್ಲದಿರುತ್ತದೆಯೇ? ಪಾರ್ತಿಸುಬ್ಬ ಹುಟ್ಟಿದ ಊರು ಅದು. ನನ್ನ ರಾಶಿಯಲ್ಲಿ ಅಂಥದ್ದು ಎರಡಿವೆ. ವಿಶೇಷವೆಂದರೆ ಎರಡೂ ಹಗಲಿನವು. ಆಟ ನಡೆಯುತ್ತಿದ್ದುದು ರಾತ್ರಿ, ದೊಂದಿಯ ಬೆಳಕಿನಲ್ಲಿ, ಆಮೇಲೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ. ಆ ಕಾಲದ ಹಳ್ಳಿಯ ಕ್ಯಾಮರಾಕ್ಕೆ ಅಷ್ಟು ಬೆಳಕು ಸಾಲದು. ಆದ್ದರಿಂದ ಆಟ ಮುಗಿದ ಬೆಳಿಗ್ಗೆ ಬಣ್ಣ ತೆಗೆಯದೆ ನಿಲ್ಲಿಸಿ ಫೋಟೋ ತೆಗೆದಿದ್ದಾರೆ. ರಾಕ್ಷಸನ ವೇಷದವರ ಕಣ್ಣಲ್ಲಿ ನಿದ್ದೆ ತುಂಬಿದೆ. ಫೋಟೋ ಏನನ್ನು ತೋರಿಸುತ್ತದೆ ಎಂಬುದರಷ್ಟೇ, ಅದಕ್ಕೆ ಏನನ್ನು ಹಿಡಿಯಲಾಗಲಿಲ್ಲ ಎಂಬುದೂ ಮುಖ್ಯವೆಂದು ಇವನ್ನು ನೋಡಿ ತಿಳಿದೆ.

ಹಿಡಿಯಲಾಗದ್ದು ಎಂದರೆ ಬೆಳಕೊಂದೇ ಅಲ್ಲ. ಆ ದೊಡ್ಡ ಮನೆಯವರ ಒಂದು ಕುಟುಂಬದ ಚಿತ್ರವಿದೆ. ಅಂಗಳದಲ್ಲಿ ತೆಗೆದದ್ದು. ಹಿರಿಯರು ಕುರ್ಚಿಯಲ್ಲಿ, ಹೆಂಗಸರು ಹಿಂದೆ, ಮಕ್ಕಳು ಚಾಪೆಯಲ್ಲಿ. ಹಿಂದಿನ ಹಟ್ಟಿ ಕಾಣಬಾರದೆಂದು ಒಂದು ದೊಡ್ಡ ಬಿಳಿ ಬಟ್ಟೆಯನ್ನು ಪರದೆಯ ಹಾಗೆ ಹಿಡಿದಿದ್ದಾರೆ. ಹಿಡಿದವರು ಕಾಣುವುದಿಲ್ಲ. ಆದರೆ ಎಡದ ಅಂಚಿನಲ್ಲಿ ನಾಲ್ಕು ಬೆರಳು, ಬಲದ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆಯನ್ನು ಬಿಗಿಯಾಗಿ ಹಿಡಿದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ಎಲ್ಲರ ಹೆಸರಿದೆ. ಬೆರಳುಗಳ ಹೆಸರಿಲ್ಲ. ಅವರು ಆ ಮನೆಯ ಒಕ್ಕಲಿನವರು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿ ಉಳುವವರ ಹೆಸರಿಗೆ ಜಾಗ ಬಂತು. ಕಾಗದದಲ್ಲಿ ಅವರ ಹೆಸರು ಬಂದದ್ದು ಹಾಗೆ. ಅಂಥವರ ಮುಖ ಫೋಟೋದೊಳಗೆ ಬಂದದ್ದು ಯಾವಾಗ? ಅದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೇನೆ, ಬ್ಯಾಂಕಿನ ಕೌಂಟರಿನಲ್ಲಿ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಹಿ ಹಾಕಲು ಬರುವವರ ಖಾತೆಗೆ ಫೋಟೋ ಬೇಕಿರಲಿಲ್ಲ. ಹೆಬ್ಬೆಟ್ಟು ಒತ್ತುವವರ ಖಾತೆಗೆ ಬೇಕಿತ್ತು. ಪಾಸ್‌ಬುಕ್ಕಿಗೆ ಒಂದು, ಬ್ಯಾಂಕಿನ ಕಾರ್ಡಿಗೆ ಒಂದು. ನಮ್ಮೂರಿನ ಎಷ್ಟೋ ಕೂಲಿಯವರು, ಬೀಡಿ ಕಟ್ಟುವ ಹೆಂಗಸರು, ಬದುಕಿನಲ್ಲಿ ಮೊದಲ ಸಲ ಸ್ಟುಡಿಯೋಕ್ಕೆ ಹೋದದ್ದು ಬ್ಯಾಂಕು ಕಳುಹಿಸಿದ್ದರಿಂದ. 1993ರಲ್ಲಿ ಚುನಾವಣಾ ಆಯೋಗ ಫೋಟೋ ಇರುವ ಗುರುತಿನ ಚೀಟಿ ಬೇಕೆಂದು ಹೇಳಿದ ಮೇಲೆ ಎಲ್ಲರ ಮುಖವೂ ಒಂದಲ್ಲ ಒಂದು ಕಾಗದದಲ್ಲಿ ಸಿಗುವಂತಾಯಿತು. ಅದಕ್ಕೆ ಮುಂಚೆ ಬಡವರಿಗೆ ಪಾಸ್‌ಬುಕ್ಕೇ ಆಲ್ಬಮ್.

ಬೀಡಿ ಕಟ್ಟುವ ಒಬ್ಬ ಹೆಂಗಸು ನಮ್ಮ ಶಾಖೆಯಲ್ಲಿ ಖಾತೆ ತೆರೆದಿದ್ದರು. ಕೆಲವು ವರ್ಷಗಳ ಮೇಲೆ ತೀರಿಕೊಂಡರು. ಮಗ ಬಂದು ಕಾಗದ ಕೊಟ್ಟು ಉಳಿದ ಹಣ ತೆಗೆದುಕೊಂಡ. ಖಾತೆ ಮುಗಿದಾಗ ಪಾಸ್‌ಬುಕ್ಕಿನ ಮೊದಲ ಪುಟಕ್ಕೆ ಅಡ್ಡಗೆರೆ ಎಳೆದು "ಮುಕ್ತಾಯ" ಎಂದು ಬರೆದು ಒಳಗಿಡುವುದು ನನ್ನ ಕೆಲಸವಾಗಿತ್ತು. ಕೆಂಪು ಶಾಯಿಯಲ್ಲಿ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯುತ್ತಿದ್ದೆ. ಫೋಟೋ ಇರುವುದು ಅದೇ ಪುಟದಲ್ಲಿ.

ಒಂದು ವಾರ ಬಿಟ್ಟು ಮಗ ಪುನಃ ಬಂದ. "ಸಾರ್, ಆ ಪುಸ್ತಕದಲ್ಲಿ ಅಮ್ಮನ ಫೋಟೋ ಇತ್ತಲ್ಲ, ಅದು ಸಿಗಬಹುದಾ? ಮನೆಯಲ್ಲಿ ಬೇರೆ ಇಲ್ಲ" ಎಂದು ಕೇಳಿದ. ನಾನು ಒಳಗೆ ಹೋಗಿ ಪುಸ್ತಕ ತೆಗೆದು ನೋಡಿದೆ. ನನ್ನ ಕೈಯ ಗೆರೆ ಹಣೆಯಿಂದ ಗಲ್ಲದವರೆಗೆ ಹಾದುಹೋಗಿತ್ತು. ಅದನ್ನು ಅವನಿಗೆ ತೋರಿಸಲು ನನ್ನಿಂದಾಗಲಿಲ್ಲ. ಮ್ಯಾನೇಜರರಿಗೆ ವಿಷಯ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, ಬ್ಯಾಂಕಿನ ಕಾರ್ಡಿನಲ್ಲಿದ್ದ ಇನ್ನೊಂದು ಪ್ರತಿಯನ್ನು ಎದುರಿನ ಸ್ಟುಡಿಯೋಕ್ಕೆ ಒಯ್ದು ಅರ್ಧ ಗಂಟೆಯಲ್ಲಿ ವಾಪಸು ತರುವಂತೆ ಹೇಳಿದರು. ಅದನ್ನು ನೋಡಿ ದೊಡ್ಡದು ಮಾಡಿಸಿದೆವು. ಬ್ಯಾಂಕಿನ ಉರುಟು ಮೊಹರಿನ ಅರ್ಧಭಾಗ ಆ ತಾಯಿಯ ಹೆಗಲ ಮೇಲೆ ಹಾಗೆಯೇ ಉಳಿಯಿತು. ಈಗಲೂ ಆ ಮನೆಯ ಗೋಡೆಯಲ್ಲಿ ಅದೇ ಇದೆ. ಆ ದಿನದ ನಂತರ ನಾನು ಯಾವ ಮುಖದ ಮೇಲೂ ಗೆರೆ ಎಳೆಯಲಿಲ್ಲ. ಅದಕ್ಕೆ ಮುಂಚೆ ಎಷ್ಟು ಮುಖಗಳ ಮೇಲೆ ಎಳೆದಿದ್ದೆನೋ ಲೆಕ್ಕವಿಟ್ಟಿಲ್ಲ.

ಕೇಳುಗರೇ, ಇನ್ನು ನಿಮ್ಮ ಮನೆಯ ವಿಷಯ. ಅಟ್ಟದಲ್ಲೋ, ಕಪಾಟಿನ ತಳದಲ್ಲೋ, ತಗಡಿನ ಡಬ್ಬಿಯಲ್ಲೋ ನಿಮ್ಮಲ್ಲೂ ಫೋಟೋಗಳಿರುತ್ತವೆ. ನನ್ನ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಹಿಂದೆ ಹೆಸರು ಬರೆಯುವಾಗ ಮೆತ್ತನೆಯ ಪೆನ್ಸಿಲ್ ಬಳಸಿ, ಮೆಲ್ಲಗೆ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂಭಾಗದಲ್ಲಿ ಗೀರು ಏಳುತ್ತದೆ, ಶಾಯಿ ತೇವಕ್ಕೆ ಹರಡುತ್ತದೆ. ನಮ್ಮ ಶಾಲೆಯ ಎರಡು ಹೆಸರು ಹೋದದ್ದು ಹಾಗೆಯೇ. ಎಡದಿಂದ ಬಲಕ್ಕೆ, ಸಾಲು ಸಾಲಾಗಿ, ಮನೆಯ ಹೆಸರನ್ನೂ ಸೇರಿಸಿ ಬರೆಯಿರಿ. "ಅಜ್ಜ", "ಚಿಕ್ಕಮ್ಮ" ಎಂದು ಬರೆಯಬೇಡಿ. ಬರೆದವರು ಹೋದ ಮೇಲೆ ಯಾರ ಅಜ್ಜ ಎಂದು ತಿಳಿಯುವುದಿಲ್ಲ. ಕನ್ನಡದಲ್ಲಿ ಬರೆಯಿರಿ, ಅದರ ಕೆಳಗೆ ನಿಮ್ಮ ಮೊಮ್ಮಕ್ಕಳು ಓದುವ ಲಿಪಿಯಲ್ಲೂ ಬರೆಯಿರಿ. ಮಲೆಯಾಳವೋ, ತಮಿಳೋ, ತೆಲುಗೋ, ಮರಾಠಿಯೋ ಇರಲಿ. ಇದರಲ್ಲಿ ಅಭಿಮಾನ ಬಿಟ್ಟುಕೊಟ್ಟಂತೆ ಏನೂ ಆಗುವುದಿಲ್ಲ. ಆ ಮಾಪಿಳ್ಳೆ ವ್ಯಾಪಾರಿಯ ಬೋರ್ಡ್ ನೆನಪು ಮಾಡಿಕೊಳ್ಳಿ.

ಮಳೆನೀರು ಹೊಡೆಯುವ ಗೋಡೆಯಲ್ಲಿ ಫೋಟೋ ತೂಗಬೇಡಿ, ಬೂಷ್ಟು ಹಿಡಿಯುತ್ತದೆ. ಗಾಜಿಗೆ ಅಂಟಿಕೊಂಡ ಫೋಟೋವನ್ನು ಕೀಳಬೇಡಿ, ಮುಖ ಗಾಜಿನಲ್ಲೇ ಉಳಿದುಬಿಡುತ್ತದೆ. ಗಾಜಿನ ಮೇಲಿಂದಲೇ ಮೊಬೈಲಿನಲ್ಲಿ ಒಂದು ಪ್ರತಿ ತೆಗೆದಿಡಿ. ಪುಟದಲ್ಲಿ ಗೋಂದಿರುವ ಆಲ್ಬಮ್ಮಿನಲ್ಲಿ ಹಳೆಯ ಫೋಟೋ ಹಾಕಬೇಡಿ.

ಕಪ್ಪು-ಬಿಳುಪಿನದಕ್ಕೆ ಅಷ್ಟು ಅವಸರವಿಲ್ಲ. ಚೆನ್ನಾಗಿ ತೊಳೆದು ಮಾಡಿದ್ದರೆ ನೂರು ವರ್ಷ ಬಾಳುತ್ತದೆ, ಏಕೆಂದರೆ ಅದರಲ್ಲಿರುವುದು ಬೆಳ್ಳಿ. ಅವಸರವಿರುವುದು 1970, 80ರ ದಶಕದ ಬಣ್ಣದ ಫೋಟೋಗಳಿಗೆ. ಗಲ್ಫಿನಿಂದ ಕಳುಹಿಸಿದವು, ಮದುವೆಯವು ಈಗಾಗಲೇ ಕೆಂಪು ತಿರುಗಿವೆ. ಬಣ್ಣ ಅದರಷ್ಟಕ್ಕೇ ಹಾರಿಹೋಗುತ್ತದೆ. ಮೊದಲು ಅವುಗಳ ಪ್ರತಿ ಮಾಡಿಸಿ. ಮೊಬೈಲಿನಲ್ಲಿರುವ ಸಾವಿರ ಫೋಟೋಗಳಲ್ಲಿ ಹತ್ತನ್ನಾದರೂ ಕಾಗದಕ್ಕೆ ಇಳಿಸಿ. ಮೊಬೈಲು ಕೆಟ್ಟರೆ ಗುಂಡಿಯಿಂದ ಹೆಕ್ಕಿ ತರಲು ಏನೂ ಸಿಗುವುದಿಲ್ಲ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ನಿಮ್ಮ ಊರಿನಲ್ಲಿ ತೊಂಬತ್ತರ ಆಸುಪಾಸಿನವರು ಯಾರಾದರೂ ಇದ್ದರೆ ಡಬ್ಬಿ ಹಿಡಿದುಕೊಂಡು ಈ ವಾರವೇ ಹೋಗಿ. ಗಡಿ ಗೀಚುವುದಕ್ಕೆ ಮುಂಚಿನ ಊರನ್ನು ಕಣ್ಣಿನಿಂದ ಕಂಡವರು ಇನ್ನು ಬೆರಳೆಣಿಕೆಯಷ್ಟು ಜನ. ಗೋವಿಂದ ಪೈಗಳ ಫೋಟೋ ಕಂಡರೆ ಯಾರಾದರೂ ಹೆಸರು ಹೇಳಿಯಾರು. ಅವರ ಹೆಸರು ಉಳಿಸಲು ಪುಸ್ತಕಗಳಿವೆ. ಶಾಲೆಯ ಫೋಟೋದ ಮೂಲೆಯಲ್ಲಿ ನಿಂತವರಿಗೆ ನಾವೇ ಇರುವುದು.

ನನ್ನ ಲೆಕ್ಕ ಇನ್ನೂ ತಾಳೆಯಾಗಿಲ್ಲ. 41ರಲ್ಲಿ ಒಂದು ಹೆಸರು ಬಾಕಿ ಇದೆ. ಅದಕ್ಕಾಗಿಯೇ ಈ ರೇಡಿಯೋದ ಮುಂದೆ ಬಂದದ್ದು ಎಂದರೂ ತಪ್ಪಿಲ್ಲ. ಹುಡುಗನನ್ನು ವಿವರಿಸುತ್ತೇನೆ, ಕೇಳಿ. ನೆಲದ ಮೇಲೆ ಕೂತ ಮೊದಲ ಸಾಲು, ಎಡದಿಂದ ಮೂರನೆಯವನು. ಹತ್ತು ವರ್ಷವಿರಬಹುದು. ಗುಂಡು ಮುಖ, ಬಲಗಿವಿಯಲ್ಲಿ ಒಂದು ಒಂಟಿ. ಅಂಗಿಯ ಮೇಲಿನ ಗುಂಡಿ ಇಲ್ಲ. ಪಕ್ಕದ ಹುಡುಗನ ಹೆಗಲ ಮೇಲೆ ಕೈ ಹಾಕಿದ್ದಾನೆ. ಇಡೀ ಫೋಟೋದಲ್ಲಿ ನಗುತ್ತಿರುವವನು ಇವನೊಬ್ಬನೇ. 1938ರಲ್ಲಿ ಮಂಜೇಶ್ವರ–ಕುಂಬಳೆಯ ನಡುವಿನ ಬೋರ್ಡು ಶಾಲೆಯಲ್ಲಿ ಕಲಿತ ಅಜ್ಜನೊಬ್ಬ ನಿಮ್ಮ ಮನೆಯಲ್ಲಿದ್ದರೆ, ಕಿವಿಗೆ ಒಂಟಿ ಹಾಕುತ್ತಿದ್ದ ನೆನಪಿದ್ದರೆ, ದಯವಿಟ್ಟು ಈ ಕಾರ್ಯಕ್ರಮದ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಯಾವ ಲಿಪಿಯಲ್ಲಿ ಬರೆದರೂ ಆಗುತ್ತದೆ. ನಾನು ಓದಿಸಿಕೊಳ್ಳುತ್ತೇನೆ.

ಪೆನ್ಸಿಲ್ ಚೂಪು ಮಾಡಿ ಇಟ್ಟಿದ್ದೇನೆ.